ಎರಡನೆಯ ಮಗ್ಗುಲು



ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ 2003ರಲ್ಲಿ ಸಾರ್ವಕಾಲಿಕ ಶ್ರೇಷ್ಠ ಆಲ್ಬಂಗಳು ಅಂತ ಐನೂರರ ಪಟ್ಟಿಯೊಂದನ್ನು ಪ್ರಕಟಿಸಿತು. ಮೊದಲ ಸ್ಥಾನ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ಗೆ ಸಿಕ್ಕಿತು. 2020ರಲ್ಲಿ ಅದೇ ಪತ್ರಿಕೆ ಮತ್ತೆ ಮತ ಕೇಳಿ ಹೊಸ ಪಟ್ಟಿ ಮಾಡಿದಾಗ ಮೇಲೆ ಕೂತವನು ಮಾರ್ವಿನ್ ಗೇ. ಸಾರ್ಜೆಂಟ್ ಪೆಪ್ಪರ್ 24ನೆಯ ಸ್ಥಾನಕ್ಕೆ ಇಳಿದಿತ್ತು. 1967ರಲ್ಲಿ ಅಚ್ಚಾದ ತಟ್ಟೆಯಲ್ಲಿ ಈ ನಡುವೆ ಒಂದು ಗೀರೂ ಬದಲಾಗಿರಲಿಲ್ಲ. ಮತ ಹಾಕುವವರು ಬದಲಾಗಿದ್ದರು, ಅಷ್ಟೆ.

ಗೆಳೆಯನ ಐವತ್ತನೆಯ ಹುಟ್ಟುಹಬ್ಬಕ್ಕೋ, ಗೆಳತಿಯ ಗೃಹಪ್ರವೇಶಕ್ಕೋ ಹಳೆಯ ರಾಕ್ ಆಲ್ಬಂ ಒಂದನ್ನು ಕೊಡೋಣ ಅಂತ ಹೊರಟವರು ಮೊದಲು ತೆರೆದು ನೋಡುವುದೇ ಇಂಥ ಪಟ್ಟಿಗಳನ್ನು. ಅದರಲ್ಲಿ ಒಂದು ತೊಡಕಿದೆ. ರಾಕ್ ಸಂಗೀತದ ಹುಚ್ಚಿರುವ ಗೆಳೆಯನ ಬಳಿ ಪಟ್ಟಿಯ ಮೊದಲ ಹತ್ತೂ ಇರುತ್ತವೆ. ಇಲ್ಲದೇ ಇದ್ದರೆ, ಅವು ಅವನಿಗೆ ಬೇಡ ಅಂತಲೇ ಇಲ್ಲ. ಹಾಗಾಗಿ ನಾನು ಇವತ್ತು ಬೇರೆ ದಾರಿ ಹೇಳುತ್ತೇನೆ. ಆಲ್ಬಂ ಆರಿಸುವುದಕ್ಕೆ ಹೋಗಬೇಡಿ. ಎಲ್‌ಪಿಗೆ ಎರಡು ಮಗ್ಗುಲು ಇರುತ್ತವಲ್ಲ, ಅದರಲ್ಲಿ ನಿಮ್ಮ ಗೆಳೆಯನಿಗೆ ಒಪ್ಪುವ ಒಂದು ಮಗ್ಗುಲನ್ನು ಆರಿಸಿ. ಇನ್ನೊಂದು ಮಗ್ಗುಲು ಹೇಗೂ ಅದರ ಜೊತೆಗೇ ಬರುತ್ತದೆ.

ಫೋನಿನಲ್ಲೇ ಹಾಡು ಕೇಳಿ ಬೆಳೆದ ಮಕ್ಕಳಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿಯನ್ನು ಮಾರುಕಟ್ಟೆಗೆ ತಂದಿತು. ಹನ್ನೆರಡು ಇಂಚಿನ ತಟ್ಟೆ; ಮೂರು ನಿಮಿಷಕ್ಕೆ ನೂರು ಸುತ್ತು. ಅದಕ್ಕೆ ಮೊದಲಿದ್ದ 78ರ ವೇಗದ ಪ್ಲೇಟುಗಳಲ್ಲಿ ಒಂದು ಮಗ್ಗುಲಿಗೆ ಮೂರೋ ನಾಲ್ಕೋ ನಿಮಿಷ ಮಾತ್ರ. ಮೈಸೂರು ಆಸ್ಥಾನದಲ್ಲಿದ್ದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಗೌಹರ್ ಜಾನ್ ಅಷ್ಟರೊಳಗೇ ರಾಗ, ಬಂದಿಶ್, ತಾನ್ ಎಲ್ಲ ಮುಗಿಸಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ಕೂಗಿ ಹೇಳುತ್ತಿದ್ದರು! ಎಲ್‌ಪಿ ಬಂದ ಮೇಲೆ ಮಗ್ಗುಲಿಗೆ ಇಪ್ಪತ್ತು, ಇಪ್ಪತ್ತೆರಡು ನಿಮಿಷ ಸಿಕ್ಕಿತು. ಪಾಪ್ ಸಂಗೀತದವರು ಮೊದಮೊದಲು ಇದನ್ನು ಹಾಡು ತುಂಬುವ ಚೀಲದಂತೆ ಬಳಸಿದರು. 1965ರ ಆಸುಪಾಸಿನಲ್ಲಿ ಲಂಡನ್ನಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಕೆಲವರಿಗೆ ಬೇರೆ ಯೋಚನೆ ಹೊಳೆಯಿತು. ಬೀಟಲ್ಸ್‌ನ ‘ರಬ್ಬರ್ ಸೋಲ್’ ಕೇಳಿ ಬೀಚ್ ಬಾಯ್ಸ್‌ನ ಬ್ರಯನ್ ವಿಲ್ಸನ್ 1966ರಲ್ಲಿ ‘ಪೆಟ್ ಸೌಂಡ್ಸ್’ ಮಾಡಿದ. ಅದನ್ನು ಕೇಳಿದ ಪಾಲ್ ಮೆಕಾರ್ಟ್ನಿಗೆ ಸುಮ್ಮನೆ ಕೂರಲು ಆಗಲಿಲ್ಲ; ಮರುವರ್ಷ ಸಾರ್ಜೆಂಟ್ ಪೆಪ್ಪರ್ ಬಂತು. ಯಾವ ಹಾಡಿನ ಬೆನ್ನಿಗೆ ಯಾವ ಹಾಡು, ಮಗ್ಗುಲು ಎಲ್ಲಿ ಮುಗಿಯಬೇಕು ಅನ್ನುವುದೂ ರಚನೆಯ ಭಾಗವಾಯಿತು.

ಈ ಕ್ರಮಕ್ಕೆ ತಟ್ಟೆಯದೇ ಒಂದು ಕಾರಣವೂ ಉಂಟು. ಮುಳ್ಳು ಹೊರ ಅಂಚಿನಲ್ಲಿದ್ದಾಗ ಅದರ ಅಡಿಯಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾದುಹೋಗುತ್ತದೆ. ಒಳಗೆ ಲೇಬಲ್ಲಿನ ಹತ್ತಿರ ಬರುವಷ್ಟರಲ್ಲಿ ಅದು ಸುಮಾರು 20ಕ್ಕೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಅಬ್ಬರದ ಹಾಡು ಅಲ್ಲಿ ಬಂದರೆ ಸದ್ದು ಒಡೆಯುತ್ತದೆ. ಅದಕ್ಕೇ ಗಟ್ಟಿ ಹಾಡು ಅಂಚಿಗೆ, ಮೆದು ಹಾಡು ನಡುವಿಗೆ ಅನ್ನುವ ರೂಢಿ ಬಂತು. ಎಲ್ಲರೂ ಪಾಲಿಸಿದರು ಅಂತಲ್ಲ. ಕಛೇರಿಯಲ್ಲಿ ವರ್ಣದಿಂದ ಹೊರಟು, ನಡುವೆ ದೊಡ್ಡ ಕೃತಿ, ಕೊನೆಗೆ ದೇವರನಾಮ ಜಾವಳಿಗಳಿಗೆ ಇಳಿಯುವ ಪದ್ಧತಿ ಬಲ್ಲ ನಮ್ಮ ಕೇಳುಗರಿಗೆ ಇಂಥ ಏರಿಳಿತದ ಲೆಕ್ಕ ಬೇಗ ಹಿಡಿಯುತ್ತದೆ.

ಹಿಡಿಯಬೇಕಿತ್ತು. ಆದರೆ ನಮ್ಮ ದೇಶದಲ್ಲಿ ಎಪ್ಪತ್ತು ಎಂಬತ್ತರ ದಶಕದಲ್ಲಿ ರಾಕ್ ಕೇಳಿದವರಲ್ಲಿ ಬಹುಪಾಲು ಮಂದಿ ಮಗ್ಗುಲನ್ನು ನೋಡಲೇ ಇಲ್ಲ. ಕಲ್ಕತ್ತೆಯ ಡಂಡಂನಲ್ಲಿ ಗ್ರಾಮಫೋನ್ ಕಂಪನಿಯ ಕಾರ್ಖಾನೆ ಬೀಟಲ್ಸ್ ಮುಂತಾದವರ ಎಲ್‌ಪಿಗಳನ್ನು ಅಚ್ಚು ಹಾಕುತ್ತಿತ್ತು, ನಿಜ. ಕೊಳ್ಳುವ ಶಕ್ತಿ ಎಷ್ಟು ಜನಕ್ಕಿತ್ತು? ಹಾಸ್ಟೆಲಿನಲ್ಲಿ ಯಾರೋ ಒಬ್ಬ ಪುಣ್ಯಾತ್ಮನ ಮಾವ ಲಂಡನ್ನಿನಿಂದ ಎಲ್‌ಪಿ ತರುತ್ತಿದ್ದ. ಉಳಿದವರೆಲ್ಲ ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ ಹಿಡಿದು ಅವನ ಕೋಣೆಯ ಮುಂದೆ ನಿಲ್ಲುತ್ತಿದ್ದರು. ಆ ಕ್ಯಾಸೆಟ್ಟಿನ ಒಂದು ಪಕ್ಕಕ್ಕೆ ನಲವತ್ತೈದು ನಿಮಿಷ. ಒಂದು ಎಲ್‌ಪಿ ಇಡಿಯಾಗಿ ಅದರಲ್ಲಿ ಕೂರುತ್ತಿತ್ತು, ಎರಡು ಮಗ್ಗುಲೂ ಹೊಲಿಗೆ ಕಾಣದಂತೆ ಸೇರಿ. ಹಾಡೆಲ್ಲ ಬಂತು, ನಡುವಿನ ವಿರಾಮ ಹೋಯಿತು. ಆಮೇಲೆ ಸಿಡಿ ಬಂತು, ಅದಕ್ಕೆ ಮಗ್ಗುಲೇ ಇಲ್ಲ. ಈಗ ಫೋನು.

ಆದ್ದರಿಂದ, ನಿಮ್ಮ ಗೆಳೆಯ ಆ ಕ್ಯಾಸೆಟ್ ಕಾಲದವನಾಗಿದ್ದರೆ, ಹಾಡುಗಳೆಲ್ಲ ಬಾಯಿಪಾಠ ಇರುವವನಾಗಿದ್ದರೆ, ಅವನಿಗೆ ಹೊಸ ಹಾಡು ಹುಡುಕುವ ಕಷ್ಟ ನಿಮಗೆ ಬೇಡ. ಅವನು ಕಂಡಿರದದ್ದು ಎದ್ದು ಹೋಗಿ ತಟ್ಟೆ ಮಗುಚುವ ಆ ಗಳಿಗೆ ಮಾತ್ರ. ಅದನ್ನು ಕೊಡಿ.

ಅದಕ್ಕೆ ಬೀಟಲ್ಸ್‌ನ ‘ಆ್ಯಬಿ ರೋಡ್’ಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. 1969ರ ಸೆಪ್ಟೆಂಬರಿನಲ್ಲಿ ಬಂದದ್ದು. ನಾಲ್ವರು ಜೀಬ್ರಾ ಪಟ್ಟಿಯ ಮೇಲೆ ರಸ್ತೆ ದಾಟುವ ಚಿತ್ರ ಎಲ್ಲರಿಗೂ ಗೊತ್ತು. ‘ಲೆಟ್ ಇಟ್ ಬಿ’ ಮಾರುಕಟ್ಟೆಗೆ ಬಂದದ್ದು 1970ರಲ್ಲಿ, ಆದರೆ ಅದರ ಬಹುಭಾಗ ಮೊದಲೇ ಮುದ್ರಣವಾಗಿತ್ತು. ನಾಲ್ವರೂ ಕೂಡಿ ಕೂತು ಮಾಡಿದ ಕೊನೆಯ ಆಲ್ಬಂ ‘ಆ್ಯಬಿ ರೋಡ್’. ಅದರ ಮೊದಲ ಮಗ್ಗುಲಿನ ಕೊನೆಯಲ್ಲಿ ಜಾನ್ ಲೆನನ್‌ನ ‘ಐ ವಾಂಟ್ ಯೂ’ ಇದೆ. ಹೆಚ್ಚುಕಡಿಮೆ ಎಂಟು ನಿಮಿಷ. ಕೊನೆಯ ಮೂರು ನಿಮಿಷ ಒಂದೇ ಗಿಟಾರ್ ಸುರುಳಿ ತಿರುಗುತ್ತಾ ಇರುತ್ತದೆ. ಹಿಂದಿನಿಂದ ಗಾಳಿಯಂಥ ಒಂದು ಮೊರೆತ ಏರುತ್ತಾ ಬಂದು ಸಂಗೀತವನ್ನೇ ಮುಚ್ಚಿಹಾಕುವ ಹೊತ್ತಿಗೆ, ನಿಂತುಬಿಡುತ್ತದೆ. ಇಳಿಯುವುದಿಲ್ಲ, ಮುಕ್ತಾಯವಿಲ್ಲ. ಲೆನನ್ ಟೇಪನ್ನು ಇಲ್ಲೇ ಕತ್ತರಿಸು ಅಂದ, ಎಂಜಿನಿಯರ್ ಕತ್ತರಿಸಿದ. ಮೊದಲ ಸಲ ಕೇಳುವವರು ಕರೆಂಟ್ ಹೋಯಿತೇನೋ ಅಂತ ಫ್ಯಾನ್ ನೋಡುತ್ತಾರೆ.

ಆ ನಿಶ್ಶಬ್ದದಲ್ಲಿ ನೀವು ಎದ್ದು ಹೋಗಬೇಕು. ತೋಳು ಎತ್ತಬೇಕು, ತಟ್ಟೆ ಮಗುಚಬೇಕು, ಮುಳ್ಳು ಇಳಿಸಬೇಕು. ಆಗ ಕೇಳಿಸುವುದು ಜಾರ್ಜ್ ಹ್ಯಾರಿಸನ್‌ನ ‘ಹಿಯರ್ ಕಮ್ಸ್ ದ ಸನ್’. ಕಂಪನಿ ವ್ಯವಹಾರದ ಮೀಟಿಂಗುಗಳಿಂದ ಬೇಸತ್ತ ಹ್ಯಾರಿಸನ್ ಒಂದು ದಿನ ತಪ್ಪಿಸಿಕೊಂಡು ಸ್ನೇಹಿತ ಎರಿಕ್ ಕ್ಲಾಪ್ಟನ್ ಮನೆಗೆ ಹೋಗಿ, ಅಲ್ಲಿನ ತೋಟದಲ್ಲಿ ಕೂತು ಕಟ್ಟಿದ ಹಾಡು. ದೀರ್ಘ ಚಳಿಗಾಲ ಮುಗಿದ ಇಂಗ್ಲಿಷ್ ವಸಂತ. ಅದರ ನಡುಭಾಗದಲ್ಲಿ ತಾಳದ ಲೆಕ್ಕ ಹನ್ನೊಂದು, ನಾಲ್ಕು, ಏಳು ಅಂತ ಸರಸರನೆ ಬದಲಾಗುತ್ತದೆ. ರವಿಶಂಕರರಲ್ಲಿ ಸಿತಾರ್ ಕಲಿತವನ ಕೈಚಳಕ ಅಲ್ಲಿ ಕಾಣುತ್ತದೆ. ಫೋನಿನಲ್ಲಿ ಈ ಎರಡು ಹಾಡುಗಳ ನಡುವೆ ಒಂದೆರಡು ಸೆಕೆಂಡು ಅಂತರ. ಎಲ್‌ಪಿಯಲ್ಲಿ ಆ ಅಂತರವನ್ನು ಕೇಳುವವನೇ ಎದ್ದು ದಾಟಬೇಕು. ನನ್ನ ಮಟ್ಟಿಗೆ ಇಡೀ ರಾಕ್ ಸಂಗೀತದಲ್ಲಿ ಇದಕ್ಕಿಂತ ಚೆನ್ನಾದ ಮೌನ ಇಲ್ಲ.

ಆ ಎರಡನೆಯ ಮಗ್ಗುಲು ಮುಂದೆಯೂ ನಿಲ್ಲುವುದಿಲ್ಲ. ‘ಬಿಕಾಸ್’ ಹಾಡಿನಲ್ಲಿ ಮೂವರು ಮೂರು ಸಲ ಹಾಡಿ ಒಂಬತ್ತು ಕಂಠಗಳ ಹಾಗೆ ಕೇಳಿಸುತ್ತಾರೆ. ಆಮೇಲೆ ಅರ್ಧಮರ್ಧ ಉಳಿದಿದ್ದ ಹಾಡಿನ ತುಂಡುಗಳನ್ನೆಲ್ಲ ಸೇರಿಸಿ ಹೊಲಿದ ಹದಿನಾರು ನಿಮಿಷದ ಮಾಲಿಕೆ. ಅದರ ಕೊನೆಗೆ ರಿಂಗೋ ಸ್ಟಾರ್‌ನ ಪುಟ್ಟ ತನಿ ಆವರ್ತನ ಇದೆ. ಬೀಟಲ್ಸ್ ಜೊತೆ ಆತ ಹಾಗೆ ಒಬ್ಬನೇ ಡ್ರಮ್ ಬಾರಿಸಿದ್ದು ಅದೊಂದೇ ಸಲ. ಬೆನ್ನಿಗೆ ಪಾಲ್, ಜಾರ್ಜ್, ಜಾನ್ ಸರದಿಯಂತೆ ಗಿಟಾರ್ ನುಡಿಸುತ್ತಾರೆ. ಮುಗಿಯಿತು ಅಂದುಕೊಂಡು ಎದ್ದರೆ ಕೆಲವು ಸೆಕೆಂಡಿನ ಮೇಲೆ ‘ಹರ್ ಮ್ಯಾಜೆಸ್ಟಿ’ ಅನ್ನುವ ಚಿಟಿಕೆ ಹಾಡು ಬೆಚ್ಚಿಬೀಳಿಸುತ್ತದೆ. ಮೆಕಾರ್ಟ್ನಿ ಅದನ್ನು ಎಸೆದುಬಿಡು ಅಂದಿದ್ದ. ಬೀಟಲ್ಸ್ ಮುದ್ರಿಸಿದ ಏನನ್ನೂ ಎಸೆಯಕೂಡದು ಅನ್ನುವುದು ಸ್ಟುಡಿಯೋದ ನಿಯಮ. ಎಂಜಿನಿಯರ್ ಜಾನ್ ಕರ್ಲ್ಯಾಂಡರ್ ಅದನ್ನು ಟೇಪಿನ ಬಾಲಕ್ಕೆ ಅಂಟಿಸಿಟ್ಟ. ಆಕಸ್ಮಿಕವಾಗಿ ಕೇಳಿಸಿಕೊಂಡಾಗ ಎಲ್ಲರಿಗೂ ಅದೇ ಹಿಡಿಸಿತು.

ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಬಗ್ಗೆ ಕೇಳುತ್ತೀರಿ, ಗೊತ್ತು. 1973ರ ಮಾರ್ಚ್‌ನಲ್ಲಿ ಬಂದದ್ದು. 1988ರವರೆಗೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಟ್ಟು 741 ವಾರ ಇತ್ತು. ಅಷ್ಟು ಮಾರಾಟವಾಗಿದೆ ಅಂದರೆ ಗೆಳೆಯನಿಗೂ ಯಾರೋ ಆಗಲೇ ಕೊಟ್ಟಿರುತ್ತಾರೆ. ಒಬ್ಬರಿಗೆ ಮಾತ್ರ ಇದನ್ನು ಧೈರ್ಯವಾಗಿ ಕೊಡಬಹುದು. ಕರ್ನಾಟಕ ಸಂಗೀತ ಕೇಳುವ, ರಾಕ್ ಅಂದರೆ ಬರೀ ಗದ್ದಲ ಅನ್ನುವ ಗೆಳತಿ ಇದ್ದರೆ ಅವರಿಗೆ. ಎರಡನೆಯ ಮಗ್ಗುಲಿನ ಮೊದಲಿಗೇ ‘ಮನಿ’ ಇದೆ. ನಾಣ್ಯ ಬೀಳುವ, ಕಾಗದ ಹರಿಯುವ, ಕ್ಯಾಷ್ ರಿಜಿಸ್ಟರ್ ತೆರೆಯುವ ಸದ್ದುಗಳ ಟೇಪಿನ ತುಂಡುಗಳನ್ನು ಅಳೆದು ಕತ್ತರಿಸಿ ಸುರುಳಿಯಾಗಿ ಅಂಟಿಸಿದ್ದಾರೆ. ಆ ಸದ್ದಿನ ಲೆಕ್ಕ ಏಳು. ಪಾಶ್ಚಾತ್ಯ ಜನಪ್ರಿಯ ಸಂಗೀತ ನಾಲ್ಕರಲ್ಲೇ ನಡೆಯುವಂಥದ್ದು. ಅಲ್ಲಿಯವರಿಗೆ ಈ ಏಳು ಎಡವಿದ ಹಾಗೆ ಕೇಳುತ್ತದೆ. ಮಿಶ್ರ ಛಾಪು ತಾಳಕ್ಕೆ ತೊಡೆ ತಟ್ಟಿ ರೂಢಿಯಿರುವ ಕೈ ತಾನಾಗಿ ಅದಕ್ಕೆ ಸೇರಿಕೊಳ್ಳುತ್ತದೆ. ಗಿಟಾರ್ ಸರದಿ ಬಂದಾಗ ಅವರು ನಾಲ್ಕಕ್ಕೆ ಜಾರುತ್ತಾರೆ. ಆಗ ನಿಮ್ಮ ಗೆಳತಿ ಮುಖ ಸಿಂಡರಿಸಿದರೂ ಸಿಂಡರಿಸಿಯಾರು. ಮೊದಲ ಮಗ್ಗುಲಿನ ಕೊನೆಯಲ್ಲಿ ಕ್ಲೇರ್ ಟೋರಿ ಒಂದೂ ಮಾತಿಲ್ಲದೆ ಬರೀ ಕಂಠದಲ್ಲಿ ಮಾಡಿದ ಆಲಾಪವಿದೆ. ಆ ಭಾನುವಾರದ ಕೆಲಸಕ್ಕೆ ಆಕೆಗೆ ಕೊಟ್ಟದ್ದು 30 ಪೌಂಡು. ರಚನೆಯಲ್ಲಿ ಆಕೆಯ ಹೆಸರು ಸೇರಿದ್ದು ಕೋರ್ಟಿಗೆ ಹೋಗಿ 2005ರಲ್ಲಿ ರಾಜಿಯಾದ ಮೇಲೆ.

ಎರಡು ಮಗ್ಗುಲಿಗೆ ಎರಡು ಸ್ವಭಾವ ಇರುವ ಆಲ್ಬಂಗಳೂ ಇವೆ. ಉಡುಗೊರೆಗೆ ಅವು ಬಹಳ ಅನುಕೂಲ. ಬಾಬ್ ಡಿಲನ್‌ನ 1965ರ ‘ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್’ನ ಮೊದಲ ಮಗ್ಗುಲಲ್ಲಿ ಎಲೆಕ್ಟ್ರಿಕ್ ಗಿಟಾರಿನ ತಂಡ, ಎರಡನೆಯದರಲ್ಲಿ ಹೆಚ್ಚುಕಡಿಮೆ ಅವನೊಬ್ಬನ ಗಿಟಾರು, ಬಾಯಿ ಹಾರ್ಮೋನಿಕಾ. ಸಾಹಿತ್ಯದ ಗೆಳೆಯರಿಗೆ, ಅದರಲ್ಲೂ ಡಿಲನ್‌ಗೆ ನೊಬೆಲ್ ಯಾಕೆ ಕೊಟ್ಟರು ಅಂತ 2016ರಿಂದ ಇನ್ನೂ ಗೊಣಗುತ್ತಿರುವವರಿಗೆ, ಆ ಎರಡನೆಯ ಮಗ್ಗುಲು ಕೊಡಬೇಕು. ನೀಲ್ ಯಂಗ್‌ನ ‘ರಸ್ಟ್ ನೆವರ್ ಸ್ಲೀಪ್ಸ್’ 1979ರದು. ಒಂದೇ ಹಾಡು ಮೆಲ್ಲಗೆ ಮೊದಲ ಮಗ್ಗುಲನ್ನು ತೆರೆಯುತ್ತದೆ, ಕಿವಿ ಗಡಚಿಕ್ಕುವ ಹಾಗೆ ಎರಡನೆಯದನ್ನು ಮುಚ್ಚುತ್ತದೆ.

ಆದರೆ ಗೆಳೆಯನಿಗೆ ಅಂದಾಗ ನಾನು ಒಂದನ್ನೇ ಕೊಡಬೇಕಾದರೆ ಕೊಡುವುದು ರೋಲಿಂಗ್ ಸ್ಟೋನ್ಸ್‌ನ ‘ಟ್ಯಾಟೂ ಯೂ’. ವಿಮರ್ಶಕರ ಪಟ್ಟಿಗಳಲ್ಲಿ ಇದು ಮೇಲೆ ಇರುವುದಿಲ್ಲ. 1981ರಲ್ಲಿ ಪ್ರವಾಸಕ್ಕೆ ಹೊರಡುವ ಮೊದಲು ಒಂದು ಆಲ್ಬಂ ಬೇಕಿತ್ತು, ಹೊಸ ಹಾಡು ಕಟ್ಟಲು ಮಿಕ್ ಜ್ಯಾಗರ್ ಮತ್ತು ಕೀತ್ ರಿಚರ್ಡ್ಸ್ ಒಟ್ಟಿಗೆ ಕೂರುವ ಸ್ಥಿತಿ ಇರಲಿಲ್ಲ. ಕ್ರಿಸ್ ಕಿಮ್ಸೀ ಅನ್ನುವ ಎಂಜಿನಿಯರ್ ಹಳೆಯ ಟೇಪುಗಳ ರಾಶಿ ಕೆದಕಿ, ಹತ್ತು ವರ್ಷದಿಂದ ಬಿದ್ದಿದ್ದ ಅರೆಬರೆ ಹಾಡುಗಳನ್ನು ಆರಿಸಿದ. ಜ್ಯಾಗರ್ ಹೊಸದಾಗಿ ಸಾಹಿತ್ಯ ಬರೆದು ಹಾಡಿದ. ಕುಣಿತದ ಹಾಡುಗಳನ್ನೆಲ್ಲ ಮೊದಲ ಮಗ್ಗುಲಿಗೆ ಹಾಕಿದರು, ನಿಧಾನದವನ್ನೆಲ್ಲ ಎರಡನೆಯದಕ್ಕೆ. 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಈ ತಂಡ ಬಂದಾಗ ಹೋಗಿದ್ದವರಿಗೆ ಗೊತ್ತಿರುವುದು ಮೊದಲ ಮಗ್ಗುಲಿನ ಸ್ಟೋನ್ಸ್. ಎರಡನೆಯ ಮಗ್ಗುಲಿನ ಕಟ್ಟಕಡೆಯ ಹಾಡು ‘ವೇಟಿಂಗ್ ಆನ್ ಎ ಫ್ರೆಂಡ್’. ಎಪ್ಪತ್ತರ ದಶಕದ ಆರಂಭದಲ್ಲಿ ಜಮೈಕಾದಲ್ಲಿ ಶುರುಮಾಡಿ ಬಿಟ್ಟಿದ್ದ ಹಾಡು. ಅದಕ್ಕೆ ಸ್ಯಾಕ್ಸೋಫೋನ್ ನುಡಿಸಲು ಜಾಜ್ ದಿಗ್ಗಜ ಸನ್ನಿ ರಾಲಿನ್ಸ್‌ರನ್ನು ಕರೆತಂದರು. ಹೆಂಗಸರ ಬೆನ್ನು ಹತ್ತಿ ಹಾಡಿದ್ದೇ ಹಾಡಿದ ತಂಡ, ಇಲ್ಲಿ ಬರೀ ಗೆಳೆಯನಿಗಾಗಿ ಕಾಯುತ್ತಿದ್ದೇನೆ ಅನ್ನುತ್ತದೆ. ನಲವತ್ತು ದಾಟಿದವರಿಗೆ ಅದು ನಾಟುತ್ತದೆ.

ಗೆಳೆತನದ್ದೇ ಇನ್ನೊಂದು ಆಲ್ಬಂ ಪಿಂಕ್ ಫ್ಲಾಯ್ಡ್‌ನ ‘ವಿಶ್ ಯೂ ವರ್ ಹಿಯರ್’, 1975. ಅದನ್ನು ಕೊಡುವ ಮೊದಲು ಎರಡು ಸಲ ಯೋಚಿಸಿ. ತಂಡ ಕಟ್ಟಿದವರಲ್ಲಿ ಒಬ್ಬನಾದ ಸಿಡ್ ಬ್ಯಾರೆಟ್ ಮನಸ್ಸು ಕೆಟ್ಟು ಹೊರಗುಳಿದಿದ್ದ. ಅವನನ್ನೇ ನೆನೆದು ಬರೆದ ಹಾಡಿನ ಕೆಲಸ ನಡೆಯುತ್ತಿದ್ದ ದಿನಗಳಲ್ಲಿ, ತಲೆ, ಹುಬ್ಬು ಎಲ್ಲ ಬೋಳಿಸಿಕೊಂಡ ದಪ್ಪ ಮನುಷ್ಯನೊಬ್ಬ ಸ್ಟುಡಿಯೋಗೆ ಬಂದು ನಿಂತ. ಯಾರಿಗೂ ಗುರುತು ಸಿಗಲಿಲ್ಲ. ಅವನೇ ಸಿಡ್. ದೂರವಾದ ಗೆಳೆಯನಿಗೆ ಈ ತಟ್ಟೆ ಕಳಿಸಿದರೆ ಅದು ಬರೀ ಉಡುಗೊರೆಯಾಗಿ ಉಳಿಯುವುದಿಲ್ಲ, ಒಂದು ಕಾಗದ ಬರೆದ ಹಾಗೆಯೇ. ಉತ್ತರ ಬಂದರೆ ನಿಭಾಯಿಸಲು ತಯಾರಿರಬೇಕು.

ಫ್ಲೀಟ್‌ವುಡ್ ಮ್ಯಾಕ್‌ನ 1977ರ ‘ರೂಮರ್ಸ್’ ಅನ್ನು ಮದುವೆಯ ವಾರ್ಷಿಕೋತ್ಸವಕ್ಕೆ ಕೊಡುವವರನ್ನು ಕಂಡಿದ್ದೇನೆ. ಇಂಪಾದ ಹಾಡುಗಳೇ, ತಕರಾರಿಲ್ಲ. ಮುದ್ರಣ ನಡೆಯುವಾಗ ತಂಡದೊಳಗಿದ್ದ ಗಂಡಹೆಂಡತಿ ಬೇರೆಯಾಗುತ್ತಿದ್ದರು, ಇನ್ನೊಂದು ಜೋಡಿ ಮುರಿದುಬಿದ್ದಿತ್ತು, ಡ್ರಮ್ ನುಡಿಸುವವನ ಸಂಸಾರವೂ ಕದಡಿತ್ತು. ಒಬ್ಬರ ಮೇಲೊಬ್ಬರು ಬರೆದ ಹಾಡಿಗೆ ಎದುರುಬದುರು ನಿಂತು ದನಿಗೂಡಿಸಿದ್ದಾರೆ. ಇಂಗ್ಲಿಷ್ ಬಲ್ಲ ಅತ್ತೆ ಮಾವ ಇರುವ ಮನೆಯಾದರೆ ಬೇರೆ ಏನಾದರೂ ನೋಡಿ.

ಲೆಡ್ ಜೆಪ್ಪೆಲಿನ್‌ನ ಹೆಸರಿಲ್ಲದ ನಾಲ್ಕನೆಯ ಆಲ್ಬಂ, 1971ರದು, ಮೊದಲ ಮಗ್ಗುಲಿನ ಕೊನೆಗೆ ‘ಸ್ಟೇರ್‌ವೇ ಟು ಹೆವನ್’ ಇರುವುದರಿಂದ ಪ್ರಸಿದ್ಧ. ನಮ್ಮ ಕಾಲೇಜು ದಿನಾಚರಣೆಗಳಲ್ಲಿ ಅದರ ಮೇಲೆ ಆದ ಅತ್ಯಾಚಾರ ಅಷ್ಟಿಷ್ಟಲ್ಲ. ಕೊಡುವುದಾದರೆ ಎರಡನೆಯ ಮಗ್ಗುಲಿನ ಕೊನೆಗಾಗಿ ಕೊಡಿ: ‘ವೆನ್ ದ ಲೆವೀ ಬ್ರೇಕ್ಸ್’. 1927ರ ಮಿಸಿಸಿಪಿ ಮಹಾಪೂರದ ಬಗ್ಗೆ ಮೆಂಫಿಸ್ ಮಿನ್ನಿ, ಕ್ಯಾನ್ಸಸ್ ಜೋ ಮೆಕಾಯ್ 1929ರಲ್ಲಿ ಹಾಡಿದ ಬ್ಲೂಸ್ ಅದರ ಮೂಲ. ಹೆಡ್ಲಿ ಗ್ರೇಂಜ್ ಅನ್ನುವ ಹಳೆಯ ಬಂಗಲೆಯ ಹಜಾರದಲ್ಲಿ ಡ್ರಮ್ ಇಟ್ಟು, ಮೈಕುಗಳನ್ನು ಮಾಳಿಗೆ ಮೆಟ್ಟಿಲಿನ ಮೇಲಿಂದ ತೂಗುಬಿಟ್ಟು ಮುದ್ರಿಸಿದರು. ಆ ಡ್ರಮ್ಮಿನಲ್ಲಿ ಮನೆಯ ಗೋಡೆಗಳೂ ಕೇಳಿಸುತ್ತವೆ. ಹೊದಿಕೆಯ ಮೇಲೆ ಸೌದೆ ಹೊರೆ ಹೊತ್ತಂತೆ ಕಾಣುವ ಮುದುಕನ ಚಿತ್ರ ಇದೆಯಲ್ಲ, ಅವನು ವಿಲ್ಟ್‌ಶೈರ್‌ನಲ್ಲಿ ಹುಲ್ಲು ಮಾಡು ಹೊದಿಸುವ ಕೆಲಸದ ಲಾಟ್ ಲಾಂಗ್ ಅಂತ ಪತ್ತೆಯಾದದ್ದು 2023ರಲ್ಲಿ.

ಹೊದಿಕೆಯ ಮಾತು ಬಂತು. ರೇಡಿಯೋದಲ್ಲಿ ತೋರಿಸುವ ಹಾಗಿಲ್ಲ, ಏನು ಮಾಡಲಿ. ಸಾರ್ಜೆಂಟ್ ಪೆಪ್ಪರ್ ಹೊದಿಕೆಯ ಜನಜಾತ್ರೆಯಲ್ಲಿ ಮೊದಲು ಗಾಂಧೀಜಿಯ ಆಕೃತಿಯೂ ಇತ್ತು. ಭಾರತದಲ್ಲಿ ಬೇಸರಪಟ್ಟಾರು ಅಂತ ಇಎಂಐ ಕಂಪನಿಯ ಅಧ್ಯಕ್ಷರು ತೆಗೆಸಿದರು. ಸ್ಟೋನ್ಸ್‌ನ ‘ಸ್ಟಿಕಿ ಫಿಂಗರ್ಸ್’ ಹೊದಿಕೆಯಲ್ಲಿ ನಿಜವಾದ ಪ್ಯಾಂಟಿನ ಜಿಪ್ ಇತ್ತು. ಕಟ್ಟುಗಳನ್ನು ಒಂದರ ಮೇಲೊಂದು ಪೇರಿಸಿದಾಗ ಅದು ತಟ್ಟೆಗೆ ಒತ್ತಿ ಹಾಡು ಹಾಳಾಗತೊಡಗಿತು. ಜಿಪ್ಪನ್ನು ಅರ್ಧ ಎಳೆದು ಕಳಿಸಿದರೆ ಒತ್ತು ನಡುವಿನ ಲೇಬಲ್ಲಿನ ಮೇಲೆ ಬೀಳುತ್ತದೆ ಅಂತ ಆಮೇಲೆ ಉಪಾಯ ಕಂಡುಕೊಂಡರು. ಹಳೆಯ ಪ್ರತಿ ಸಿಕ್ಕಿದರೆ ಮೊದಲು ಆ ಜಾಗ ನೋಡಿ.

ಮಗ್ಗುಲು ಅಂತ ಇಷ್ಟು ಹೇಳಿ ಒಂದು ಅಪವಾದವನ್ನೂ ಹೇಳಿಬಿಡುತ್ತೇನೆ. ಡೈರ್ ಸ್ಟ್ರೇಟ್ಸ್‌ನ 1985ರ ‘ಬ್ರದರ್ಸ್ ಇನ್ ಆರ್ಮ್ಸ್’ ಅನ್ನು ಸಿಡಿಯಲ್ಲೇ ಕೊಡಿ. ಎಲ್‌ಪಿಯಲ್ಲಿ ಜಾಗ ಸಾಲದೆ ಹಲವು ಹಾಡುಗಳನ್ನು ಮೊಟಕು ಮಾಡಿದ್ದರು. ‘ಮನಿ ಫಾರ್ ನಥಿಂಗ್’ ಒಂದರಲ್ಲೇ ಒಂದು ನಿಮಿಷಕ್ಕೂ ಹೆಚ್ಚು ಹೋಗಿದೆ.

ಇನ್ನು ಕೊಳ್ಳುವ ವಿಷಯ. ಗೆಳೆಯನ ಮನೆಯಲ್ಲಿ ಪ್ಲೇಯರ್ ಇದೆಯೇ, ಇದ್ದರೆ ತಿರುಗುತ್ತದೆಯೇ ಅಂತ ಅವನ ಹೆಂಡತಿಯನ್ನು ಗುಟ್ಟಾಗಿ ಕೇಳಿ. ಎಷ್ಟೋ ಮನೆಗಳಲ್ಲಿ ಅದರ ಮೇಲೆ ಹೂದಾನಿ ಇರುತ್ತದೆ. ಮುಳ್ಳು ಸವೆದಿದ್ದರೆ ಹೊಸ ಮುಳ್ಳೂ ಉಡುಗೊರೆಯೇ. ಸವೆದ ಮುಳ್ಳು ನಿಮ್ಮ ತಟ್ಟೆಯನ್ನು ಕೆರೆದುಹಾಕುತ್ತದೆ. ಹೊಸ ಮುದ್ರಣದ ಮೇಲೆ 180 ಗ್ರಾಂ ಅಂತ ದೊಡ್ಡದಾಗಿ ಬರೆದಿರುತ್ತಾರೆ. ತೂಕ ಹೆಚ್ಚಾದರೆ ತಟ್ಟೆ ಗಟ್ಟಿಮುಟ್ಟು, ಸದ್ದಿಗೂ ಅದಕ್ಕೂ ಅಷ್ಟೇನೂ ನಂಟಿಲ್ಲ. ಹಳೆಯದನ್ನು ಕೊಳ್ಳುವಾಗ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಗೀರು ಕಾಣುತ್ತದೆ. ಕರಾವಳಿ ಮಲೆನಾಡಿನ ಕಡೆಯಿಂದ ಬಂದದ್ದಾದರೆ ಬೂಷ್ಟು ಹಿಡಿದಿದೆಯೇ ನೋಡಿ. ಅದನ್ನು ತೊಳೆಯಬಹುದು, ಗೀರನ್ನು ತೊಳೆಯಲಾಗದು. ಕೊಂಡ ಮೇಲೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ವಿನೈಲ್ ಮೆತ್ತಗಾಗಿ ತಟ್ಟೆ ಸೊಟ್ಟಗಾದರೆ ನೆಟ್ಟಗೆ ಮಾಡುವುದು ಕಷ್ಟ.

ಕೊರಿಯರಿನಲ್ಲಿ ಕಳಿಸುವುದಾದರೆ ತಟ್ಟೆಯನ್ನು ರಟ್ಟಿನ ಹೊದಿಕೆಯಿಂದ ಹೊರಗೆ ತೆಗೆದು, ಒಳಚೀಲದ ಸಮೇತ ಹೊದಿಕೆಯ ಹಿಂದಿಟ್ಟು ಕಟ್ಟಿ. ಇಲ್ಲದಿದ್ದರೆ ದಾರಿಯ ಕುಲುಕಾಟಕ್ಕೆ ತಟ್ಟೆಯ ಅಂಚು ಹೊದಿಕೆಯ ಅಂಟನ್ನು ಸೀಳಿಕೊಂಡು ಬರುತ್ತದೆ. ಹೀಗೆ ಬಿಚ್ಚಿದ ಮೇಲೆ ಒಮ್ಮೆ ನೀವೇ ಹಾಕಿ ಕೇಳಿ, ಹೊಸ ತಟ್ಟೆಗಳಲ್ಲೂ ದೋಷ ಇರುವುದುಂಟು. ಕಟ್ಟು ತಲುಪಿದ ಮೇಲೆ ಗೆಳೆಯ ಫೋನು ಮಾಡಿ, ‘ಏನೋ ಇದು, ನೀನೇ ಕೇಳಿಬಿಟ್ಟಿದ್ದೀಯಲ್ಲೋ’ ಅಂತ ಬಯ್ದಾನು. ಹೌದು ಕಣೋ ಅನ್ನಿ. ಯಾವ ಮಗ್ಗುಲು ಅಂತ ಅವನೇ ಕೇಳುತ್ತಾನೆ.